ಆಹಾರ ಸಚಿವರೇ, ರೇಷನ್ ಕಿಟ್‌ನಲ್ಲಿ ಸಕ್ಕರೆ ಯಾಕೆ?

ಮಾನ್ಯ ಆಹಾರ ಮತ್ತು ನಾಗರಿಕ ಸರಬರಾಜು ಸಚಿವರಿಗೆ ನಮಸ್ಕಾರ.

ಹೆಂಗಸರ ಬೊಜ್ಜಿನ ವಿಷಯವನ್ನು ಆರೋಗ್ಯ ಸಚಿವರಿಗೆ ಬರೆಯದೆ ನಿಮಗ್ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮ ಮನೆಯ ಅಕ್ಕಿ ಡಬ್ಬ ತುಂಬುವುದು ನಿಮ್ಮ ಇಲಾಖೆಯಿಂದ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿರುತ್ತೀರಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ತೂಕ ಜಾಸ್ತಿ ಇದ್ದವರು 2015-16ರಲ್ಲಿ ನೂರಕ್ಕೆ 23. 2019-20ಕ್ಕೆ 30. ಅದೇ ಸಮಯದಲ್ಲಿ ರಕ್ತಹೀನತೆ ಇರುವವರು 45ರಿಂದ 48ಕ್ಕೆ ಏರಿದರು. ಮೈ ದಪ್ಪ, ರಕ್ತ ಕಮ್ಮಿ. ಇದು ಹೇಗೆ ಅಂತ ಕೇಳುವವರು ನಮ್ಮಮ್ಮನನ್ನು ನೋಡಬೇಕು.

ಅಜ್ಜಿ ತುಮಕೂರು ಕಡೆಯವರು. ಎರಡು ಹೊತ್ತು ಮುದ್ದೆ, ಜೊತೆಗೆ ಬಸ್ಸಾರು, ಹುರುಳಿಕಾಳು. ಅನ್ನ ಹಬ್ಬಕ್ಕೆ ಮಾತ್ರ. ಆಗೆಲ್ಲ ಚೆನ್ನಾಗಿತ್ತು ಅಂತ ಸುಮ್ನೆ ಹೊಗಳಲ್ಲ, ಹಸಿದು ಮಲಗಿದ ದಿನಗಳೂ ಅವರಿಗಿದ್ದವು, 2013ರಲ್ಲಿ ಅನ್ನಭಾಗ್ಯದ ಅಕ್ಕಿ ಬಂದಾಗ ಕಣ್ಣಿಗೊತ್ತಿಕೊಂಡವರು ಅವರೇ.

ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಇಡೀ ದಿನ ಮೆಷಿನ್ ಮುಂದೆ ಕೂತಿರಬೇಕು. ಬೆಳಿಗ್ಗೆ, ಹಿಂದಿನ ರಾತ್ರಿ ಉಳಿದ ಅನ್ನಕ್ಕೇ ಒಗ್ಗರಣೆ ಹಾಕಿ ಚಿತ್ರಾನ್ನ, ಮಧ್ಯಾಹ್ನದ ಡಬ್ಬಿಗೂ ಅದೇ. ಹಸಿವಾದರೆ ಸಕ್ಕರೆ ಟೀ, ಬನ್ನು. ರಾತ್ರಿ ಎಲ್ಲರಿಗೂ ಬಡಿಸಿ ಕೊನೆಗೆ ಕೂರುತ್ತಾರೆ. ಆಗ ಪಾತ್ರೆಯಲ್ಲಿ ಉಳಿದಿರುವುದು ನಾಲ್ಕು ಸೌಟು ಅನ್ನ, ಹುಡುಕಿದರೂ ಒಂದು ಕಾಳು ಸಿಗದ ತಿಳಿಸಾರು. ಚೆಲ್ಲಲು ಮನಸ್ಸು ಬರಲ್ಲ, ಅಷ್ಟನ್ನೂ ಹಾಕಿಕೊಂಡು ತಿನ್ನುತ್ತಾರೆ. ಮೊಟ್ಟೆ ನಮಗೆ. ಡಾಕ್ಟರು ಬಾಯಿ ಕಟ್ಟಿ, ವಾಕಿಂಗ್ ಮಾಡಿ ಅಂದರು. ರಾತ್ರಿ ಒಂಬತ್ತಕ್ಕೆ, ಬೀದಿ ದೀಪ ಇಲ್ಲದ ರಸ್ತೆಯಲ್ಲಿ, ನಾಯಿಗಳ ಜೊತೆ!

ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಾತೃಪೂರ್ಣದ ಊಟ ಇದೆ, ಒಳ್ಳೆಯದೇ. ಆಮೇಲೆ ಅದೇ ಹೆಂಗಸು ಏನು ತಿನ್ನುತ್ತಾಳೆ ಅಂತ ಯಾರೂ ಕೇಳಲ್ಲ ಅಲ್ವಾ?

2025ರ ಅಕ್ಟೋಬರ್‌ನಲ್ಲಿ, ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ಸಂಪುಟ ತೀರ್ಮಾನಿಸಿತು. ಬೇಳೆ ಅಂದಾಗ ಖುಷಿಯಾಯಿತು. ಆದರೆ ಸಕ್ಕರೆ ಯಾಕೆ ಸ್ವಾಮಿ? ಅದನ್ನು ತೆಗೆದು ಇನ್ನೊಂದಿಷ್ಟು ಕಾಳು ಹಾಕಿ.

ಹಾಗೇ ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಬೆಂಬಲ ಬೆಲೆ ಕೊಟ್ಟು ರೈತರಿಂದ ಸರ್ಕಾರವೇ ಕೊಳ್ಳುತ್ತದೆ, ರೇಷನ್‌ನಲ್ಲಿ ಕೊಟ್ಟೂ ಇದೆ. ಕಷ್ಟ ಇರುವುದು ಆಮೇಲೆ. ಕಲ್ಲು ಆರಿಸಿ, ತೊಳೆದು, ಒಣಗಿಸಿ, ಮಿಲ್‌ಗೆ ಹೊತ್ತುಕೊಂಡು ಹೋಗಬೇಕು. ವಾರಕ್ಕೆ ಭಾನುವಾರ ಒಂದೇ ರಜೆ ಇರುವವರು ಎಷ್ಟು ಸಲ ಮಾಡುತ್ತಾರೆ? ಪಕ್ಕದ ಮನೆಯವರು ಚೀಲವನ್ನೇ ಮಾರಿಬಿಟ್ಟರು, ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಪೇಟೆಯ ಡಿಪೋಗಳಲ್ಲಾದರೂ ರಾಗಿಯನ್ನು ಹಿಟ್ಟು ಮಾಡಿಸಿ ಕೊಡಿ. ಮುದ್ದೆ ಕಟ್ಟುವುದು ಅಮ್ಮನಿಗೆ ಇನ್ನೂ ಮರೆತಿಲ್ಲ.

ಇಂತಿ,
ರೇಷನ್ ಕಾರ್ಡಿನಲ್ಲಿ ಮೂರನೇ ಹೆಸರಿನವಳು