ದನಿ ಏನು ಹೇಳುತ್ತದೆ ಎಂದೂ ಕೇಳಿ

ಮಾನ್ಯ ಸಂಪಾದಕರೇ,

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವವರು ‘ಕಿವಿಯಲ್ಲಿ ಯಾರೋ ಮಾತಾಡ್ತಾರೆ’ ಎಂದಾಗ ಮನೆಯವರು ‘ಯಾರೂ ಇಲ್ಲ, ಸುಮ್ಮನಿರು’ ಎಂದು ಗದರುವುದು, ಇಲ್ಲವೇ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುವುದು ಇಂದಿಗೂ ಸಾಮಾನ್ಯ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ವೈದ್ಯರೂ ಅನೇಕ ಬಾರಿ ‘ದನಿ ಕಡಿಮೆಯಾಗಿದೆಯೇ’ ಎಂದಷ್ಟೇ ಕೇಳಿ ಮಾತ್ರೆ ಬರೆದುಕೊಡುತ್ತಾರೆ. ಆ ದನಿ ಯಾರದ್ದು, ಏನು ಹೇಳುತ್ತದೆ ಎಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಮನಸ್ಸಿನೊಳಗೆ ಮಾತಾಡಿಕೊಳ್ಳದವರು ವಿರಳ. ನಾವು ಮಾತಾಡುವಾಗ ಮಿದುಳು ತನ್ನದೇ ಶ್ರವಣಭಾಗಕ್ಕೆ ಮುನ್ಸೂಚನೆ ಕಳುಹಿಸುವುದರಿಂದ ಸ್ವಂತ ದನಿಗೆ ಆ ಭಾಗದ ಪ್ರತಿಕ್ರಿಯೆ ತಗ್ಗುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಅದು ಅಷ್ಟಾಗಿ ತಗ್ಗುವುದಿಲ್ಲವೆಂದು ಮಿದುಳಿನ ವಿದ್ಯುತ್ ಅಲೆಗಳ ಅಧ್ಯಯನಗಳು ತೋರಿಸಿವೆ. ಒಳಮಾತಿಗೂ ಇಂಥದೇ ಮುನ್ಸೂಚನೆ ತಪ್ಪಿದಾಗ ಅದು ಪರರ ಮಾತಾಗಿ ಕೇಳಿಸುತ್ತದೆ ಎಂಬ ವಿವರಣೆ ಇದನ್ನೇ ಆಧರಿಸಿದೆ. 1949ರಷ್ಟು ಹಿಂದೆಯೇ ಅಮೆರಿಕದ ಲೂಯಿ ಗೌಲ್ಡ್ ಎಂಬ ವೈದ್ಯರು, ರೋಗಿಯೊಬ್ಬರ ಗಂಟಲಿನ ಕ್ಷೀಣ ಪಿಸುಮಾತನ್ನು ಮೈಕ್ರೊಫೋನಿನಿಂದ ಹಿಗ್ಗಿಸಿ ಆಲಿಸಿ, ಅದು ಆಕೆ ಕೇಳಿಸಿಕೊಳ್ಳುತ್ತಿದ್ದ ದನಿಯ ಮಾತಿಗೆ ಹೊಂದುತ್ತದೆಂದು ವರದಿ ಮಾಡಿದ್ದರು. ಎಲ್ಲ ದನಿಗಳಿಗೂ ಈ ವಿವರಣೆ ಸಾಲದು. ಕೆಲವು ಹಳೆಯ ಆಘಾತದ ನೆನಪಿಗೆ ಹತ್ತಿರವಿರುತ್ತವೆ.

ಮಾನವಶಾಸ್ತ್ರಜ್ಞೆ ತಾನ್ಯಾ ಲುಹರ್ಮನ್ ಮತ್ತು ಸಂಗಡಿಗರು ಅಮೆರಿಕದ ಸ್ಯಾನ್ ಮೇಟಿಯೊ, ಘಾನಾದ ಅಕ್ರಾ ಮತ್ತು ನಮ್ಮ ಚೆನ್ನೈಯಲ್ಲಿ ಇಂಥ ದನಿ ಕೇಳಿಸುವ ತಲಾ 20 ರೋಗಿಗಳನ್ನು ಮಾತಾಡಿಸಿದ್ದಾರೆ. ಅಮೆರಿಕದವರು ಹೆಚ್ಚಾಗಿ ಅಪರಿಚಿತರ ಹಿಂಸೆಯ ಮಾತುಗಳನ್ನು ವರ್ಣಿಸಿದರೆ, ಅಕ್ರಾದಲ್ಲಿ ಹಲವರು ದೇವರ ದನಿಯೆಂದರು. ಚೆನ್ನೈಯಲ್ಲಿ ಅನೇಕರಿಗೆ ಕೇಳಿಸುತ್ತಿದ್ದುದು ಅಡುಗೆ ಮಾಡು, ಸ್ನಾನ ಮಾಡು ಎನ್ನುವ ಬಂಧುಗಳ ದನಿ. (ಅತ್ತೆ ಎದುರಿಗಿಲ್ಲದಾಗಲೂ ಕೆಲಸ ಹೇಳುವುದು ನಿಲ್ಲದು ಎಂದು ನಗಬಹುದು, ಆದರೆ ಬೈಗುಳದ ದನಿಗಳೂ ಅಲ್ಲಿದ್ದವು.) ಬೆಳೆದ ಮನೆಯ ಮಾತು ರೋಗದೊಳಗೂ ಇಷ್ಟು ಇಳಿದಿರುವಾಗ, ರೋಗಿಯನ್ನು ಕೇಳದೆ ಅವರ ಸಂಕಟವನ್ನು ಅಳೆಯುವುದು ಹೇಗೆ?

ಮಾತ್ರೆ ಬೇಡವೆಂದು ನಾನು ಹೇಳುತ್ತಿಲ್ಲ. ಅನೇಕರಲ್ಲಿ ದನಿಯನ್ನು ಅಡಗಿಸುವುದು ಅದೇ. ಆದರೆ ‘ಸಾಯಿ’ ಎಂದು ಆಜ್ಞಾಪಿಸುವ ದನಿಗೂ ‘ಊಟ ಮಾಡು’ ಎನ್ನುವ ದನಿಗೂ ಇರುವ ಅಂತರ ತಿಳಿಯದ ಕುಟುಂಬಕ್ಕೆ ಅಪಾಯ ಬಂದದ್ದೂ ತಿಳಿಯುವುದಿಲ್ಲ. ಮನೆಯವರು ದನಿ ನಿಜವೋ ಸುಳ್ಳೋ ಎಂದು ವಾದಿಸದೆ, ಅದು ಏನು ಮಾಡಲು ಹೇಳುತ್ತಿದೆ ಎಂದು ನೇರವಾಗಿ ಕೇಳಲಿ. ಉತ್ತರ ಆತಂಕ ತಂದರೆ ರೋಗಿಯನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಲಿ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತವಾಗಿ, ಕನ್ನಡದಲ್ಲೂ ಲಭ್ಯವಿದೆ. ತಮ್ಮ ಆರೋಗ್ಯ ಪುಟದಲ್ಲಿ ಈ ಸಂಖ್ಯೆಯನ್ನು ನಿಯಮಿತವಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಶುಶ್ರೂಷಕಿ, ಧಾರವಾಡ