ಮೊದಲ ಕೆಲಸ ಹುಡುಕುತ್ತಿರುವ ಡಾಕ್ಟರ್ ಗೆಳೆಯನಿಗೆ

ಗೆಳೆಯಾ,

ಹೌಸ್ ಸರ್ಜನ್ಸಿ (ಇಂಟರ್ನ್‌ಶಿಪ್) ಮುಗಿಯಿತು, ಇನ್ನು ಎಲ್ಲಿ ಸೇರಲಿ ಅಂತ ಕೇಳಿದ್ದೀಯ. ಯಾರು ಎಷ್ಟು ಕೊಡುತ್ತಾರೆ ಅನ್ನೋದನ್ನು ಆಮೇಲೆ ನೋಡೋಣ. ರಾತ್ರಿ ಎರಡು ಗಂಟೆಗೆ ನೀನು ಫೋನ್ ಮಾಡಿದರೆ ಎತ್ತುವ ಸೀನಿಯರ್ ಅಲ್ಲಿ ಯಾರಿದ್ದಾರೆ? ನನಗೆ ಮುಖ್ಯ ಅನ್ನಿಸೋದು ಇದು.

ಎಂಬಿಬಿಎಸ್ ಮುಗಿಸಿದವರನ್ನು ಸಣ್ಣ ನರ್ಸಿಂಗ್ ಹೋಮ್‌ಗಳು ಬೇಗ ಕರೆಯುತ್ತವೆ. ಬಹುತೇಕ ನೈಟ್ ಡ್ಯೂಟಿಗೆ. ಕ್ಯಾಶುವಾಲ್ಟಿ, ವಾರ್ಡು, ಕೆಲವು ಕಡೆ ಐಸಿಯು ಕೂಡ ಒಬ್ಬನ ತಲೆ ಮೇಲೆ. ಎದೆನೋವು ಅಂತ ಒಬ್ಬರು ಬರುತ್ತಾರೆ, ಅದೇ ಹೊತ್ತಿಗೆ ಕ್ರಿಮಿನಾಶಕ ಕುಡಿದವರನ್ನು ಹೊತ್ತು ತರುತ್ತಾರೆ. ಕಾಲೇಜಿನಲ್ಲಿ ಪಿಜಿಗಳು, ಅಂದರೆ ಸ್ನಾತಕೋತ್ತರ ಓದುವ ಡಾಕ್ಟರ್‌ಗಳು, ಪಕ್ಕದಲ್ಲೇ ಇರುತ್ತಿದ್ದರು. ಇಲ್ಲಿ "ಸಾಹೇಬ್ರು ಬೆಳಿಗ್ಗೆ ಬರ್ತಾರೆ" ಅನ್ನೋ ಉತ್ತರ ಸಿಕ್ಕರೆ ರೋಗಿಗೂ ಅಪಾಯ, ನಿನಗೂ ಅಪಾಯ.

ಇದು ಇಂಟರ್‌ವ್ಯೂನಲ್ಲಿ ಗೊತ್ತಾಗೋದಿಲ್ಲ. ಒಂದು ಸಂಜೆ ಸುಮ್ನೆ ಆ ಆಸ್ಪತ್ರೆಗೆ ಹೋಗು. ಈಗಿರುವ ಡ್ಯೂಟಿ ಡಾಕ್ಟರ್ ಜೊತೆ ಒಂದು ಟೀ ಕುಡಿ. ರಾತ್ರಿ ಎಷ್ಟು ಜನ ನರ್ಸ್ ಇರುತ್ತಾರೆ, ಉಸಿರಾಟಕ್ಕೆ ಟ್ಯೂಬ್ ಹಾಕಬೇಕಾಗಿ ಬಂದರೆ ಯಾರು ಬರುತ್ತಾರೆ, ಹಾವು ಕಡಿತಕ್ಕೆ ಕೊಡುವ ವಿಷನಿರೋಧಕ ಔಷಧಿ ಎಎಸ್‌ವಿ ಸ್ಟಾಕ್ ಇದೆಯಾ, ಹಿಂದಿನವರು ಯಾಕೆ ಬಿಟ್ಟು ಹೋದರು ಅಂತ ಕೇಳು. ನರ್ಸ್‌ಗಳನ್ನೂ ಮಾತಾಡಿಸು. ಆಸ್ಪತ್ರೆಯ ನಿಜವಾದ ನಾಡಿ ಅವರಿಗೆ ಗೊತ್ತಿರುತ್ತದೆ.

ಪಿಜಿ ಸೀಟಿಗೆ ಓದುತ್ತೇನೆ ಅಂದಿದ್ದೀಯ. ಹಾಗಿದ್ದರೆ ನೈಟ್ ಡ್ಯೂಟಿ ಜೊತೆಗೆ ನೀಟ್ ಓದು ಬೇಡ, ನಿದ್ದೆಯೂ ಇಲ್ಲ, ಓದೂ ಇಲ್ಲ ಅನ್ನೋ ಹಾಗಾಗುತ್ತದೆ. ರಾಜ್ಯ ಸರ್ಕಾರದ "ನಮ್ಮ ಕ್ಲಿನಿಕ್"ನಂಥ ಹಗಲಿನ ಗುತ್ತಿಗೆ ಕೆಲಸ ನೋಡು. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ನೇರ ಸಂದರ್ಶನದ ಪ್ರಕಟಣೆಗಳು ಆಗಾಗ ಬರುತ್ತವೆ. ಜನರ ಜೊತೆ ಕೆಲಸ ಮಾಡುವ ಆಸೆ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರವೇ ಒಳ್ಳೆಯದು. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು ಅನ್ನೋದು ಲೆಕ್ಕ. ಲಸಿಕೆ, ಬಿಪಿ, ಶುಗರ್, ಗರ್ಭಿಣಿಯರ ತಪಾಸಣೆ ಎಲ್ಲವೂ ಕೈಗೆ ಬರುತ್ತದೆ. ಕೇಂದ್ರ ಸರ್ಕಾರದ ಕೆಲಸ ಬೇಕಾದರೆ ಯುಪಿಎಸ್‌ಸಿ ಡಾಕ್ಟರ್‌ಗಳಿಗೆ ನಡೆಸುವ ಸಿಎಂಎಸ್ ಪರೀಕ್ಷೆ ಇದೆ: ತಲಾ 250 ಅಂಕದ ಎರಡು ಪೇಪರ್, 100 ಅಂಕದ ಸಂದರ್ಶನ. ರೈಲ್ವೆಗೂ ಅದರಿಂದಲೇ ತೆಗೆದುಕೊಳ್ಳುತ್ತಾರೆ. ನಮ್ಮವರು ಇದರ ಕಡೆ ತಿರುಗಿ ನೋಡೋದೇ ಕಡಿಮೆ, ಅದು ನನಗೆ ಬೇಸರದ ವಿಷಯ.

ಕಡ್ಡಾಯ ಗ್ರಾಮೀಣ ಸೇವೆ ನಿನಗೆ ಅನ್ವಯಿಸುತ್ತದಾ ಅಂತ ಕಾಲೇಜಿನಲ್ಲೇ ಕೇಳಿಕೋ. 2012ರ ಕಾಯ್ದೆಗೆ ಆಮೇಲೆ ತಿದ್ದುಪಡಿಗಳಾಗಿವೆ, ಹಳೆಯ ಬ್ಯಾಚ್‌ನವರ ಮಾತು ನಂಬಬೇಡ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕಾಯಂ ನೋಂದಣಿ ಆಗದೆ ಒಂದು ಚೀಟಿಗೂ ಸಹಿ ಹಾಕಬೇಡ. ರೋಗಿಯ ಕಡೆಯವರು ಕೇಸ್ ಹಾಕಿದರೆ ನೆರವಿಗೆ ಬರುವ ಇಂಡೆಮ್ನಿಟಿ ವಿಮೆ ಮಾಡಿಸು. ಯಾರೇ ಕೇಳಲಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ ವಾಪಸ್ ತಗೋ, ಅಲ್ಲಿ ಬಿಟ್ಟು ಬರಬೇಡ. ಬಿಟ್ಟು ಹೋಗಲು ಎಷ್ಟು ದಿನ ಮೊದಲು ತಿಳಿಸಬೇಕು, ಇಷ್ಟು ಕಾಲ ಇರಲೇಬೇಕು ಅನ್ನೋ ಬಾಂಡ್ ಇದೆಯಾ ಅನ್ನೋದು ಕಾಗದದಲ್ಲೇ ಇರಲಿ.

ಸಹಿ ಹಾಕುವ ಮೊದಲು ಆ ಕಾಗದದ ಫೋಟೋ ನನಗೆ ವಾಟ್ಸಾಪ್ ಮಾಡು. ಇಬ್ಬರೂ ಕೂತು ಓದೋಣ.

ನಿನ್ನ ಗೆಳೆಯ