ಒಂದೇ ಅಲಗಿನ ರೇಜರ್: ಕೊಪ್ಪಳದ ಗೆಳೆಯನಿಗೆ

ರಾಯಚೂರು,
ಭಾನುವಾರ ಬೆಳಿಗ್ಗೆ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೋ ನೋಡಿದೆ. ನಿಮ್ಮ ಸೋದರಮಾವನ ಟ್ರಂಕಿನಲ್ಲಿ ಸಿಕ್ಕಿದ ರೇಜರ್ ಮುರಿದಿಲ್ಲ. "ಅರ್ಧ ಭಾಗ ಎಲ್ಲೋ ಕಳೆದುಹೋದ ಹಾಗಿದೆ, ಒಂದೇ ಕಡೆ ಬ್ಲೇಡ್ ಕೂರುತ್ತದೆ" ಅಂತ ಬರೆದಿದ್ದೀಯ. ಅದು ಇರುವುದೇ ಹಾಗೆ. ಒಂದೇ ಅಲಗಿನ ರೇಜರ್ ಅದು. ದಯವಿಟ್ಟು ಗುಜರಿಗೆ ಹಾಕಬೇಡ.

ಅಂಥದ್ದೇ ಒಂದು ನಮ್ಮ ಮನೆಯಲ್ಲೂ ಇದೆ. ಈಗ ಎರಡು ವರ್ಷದಿಂದ ಅದರಲ್ಲೇ ದಾಡಿ ಮಾಡಿಕೊಳ್ಳುತ್ತಿದ್ದೇನೆ. ಅದಕ್ಕಿಂತ ಮುಂಚೆ ನನ್ನ ಕುತ್ತಿಗೆ ಹೇಗಿತ್ತು ಅಂತ ನಿನಗೆ ಗೊತ್ತಲ್ವಾ? ಎರಡು ಮೂರು ಬ್ಲೇಡಿನ ಪ್ಲಾಸ್ಟಿಕ್ ರೇಜರ್ ಎಳೆದ ಮಾರನೇ ದಿನವೇ ಕೆಂಪು ಗುಳ್ಳೆ ಏಳುತ್ತಿದ್ದವು. ಕೂದಲು ಚರ್ಮದ ಒಳಗೇ ಸುರುಳಿ ಸುತ್ತಿಕೊಂಡು ಬೆಳೆಯುತ್ತಿತ್ತು. ಅಂಗಿಯ ಕಾಲರ್ ತಾಗಿದರೆ ಉರಿ. ನಿನಗೂ ಅದೇ ತೊಂದರೆ ಇದೆ. ಅದಕ್ಕೇ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸದೆ ಕೂತು ಬರೆಯುತ್ತಿದ್ದೇನೆ. ಟ್ರಂಕಿನಲ್ಲಿ ಇಂಥ ರೇಜರ್ ಸಿಕ್ಕವರು ಇನ್ನೂ ಇರಬಹುದು. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವಂತೆ ಹಾಕುತ್ತೇನೆ, ನೀನು ಬೇಜಾರಾಗಬೇಡ.

ನಮ್ಮದು ತಾತನ ರೇಜರ್. ತಾತ ರಾಯಚೂರು ಸ್ಟೇಷನ್‌ನಲ್ಲಿ ಕೆಲಸಕ್ಕಿದ್ದರು. ಮುಂಬಯಿ ಕಡೆಯಿಂದ ಬಂದ ರೈಲು ದಾರಿ, ಮದ್ರಾಸ್ ಕಡೆಯಿಂದ ಬಂದ ರೈಲು ದಾರಿ, ಎರಡೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿ. ಹಾಗಾಗಿ ಎಲ್ಲೆಲ್ಲಿಯ ಜನವೋ ಇಲ್ಲಿ ಇಳಿಯುತ್ತಿದ್ದರು. ಮದ್ರಾಸ್ ಕಡೆಯ ಗಾರ್ಡ್ ಒಬ್ಬರು ಊರು ಬಿಡುವಾಗ ಈ ರೇಜರನ್ನು ತಾತನ ಕೈಗೆ ಕೊಟ್ಟು ಹೋದರು ಅಂತ ಅಪ್ಪ ಹೇಳುತ್ತಿದ್ದರು. ಅದರ ಮೇಲೆ ಎವರ್-ರೆಡಿ ಅಂತ ಕೆತ್ತಿದೆ. ಹಳೆ ರೇಜರ್ ಕೂಡಿಡುವವರು ಈ ಮಾದರಿಯನ್ನು '1912' ಅಂತ ಕರೆಯುತ್ತಾರೆ. ಮುಚ್ಚಳ ಮೇಲೆತ್ತಿ ಬ್ಲೇಡ್ ಇಟ್ಟು ಒತ್ತಿದರೆ ಟಕ್ ಅಂತ ಕೂರುತ್ತದೆ, ಅಷ್ಟೇ. ನಿನ್ನದು ಜೆಮ್ ಮೈಕ್ರೋಮ್ಯಾಟಿಕ್. ಹಿಡಿಕೆಯ ಬುಡದ ಗುಂಡಿ ತಿರುವು, ತಲೆ ಬಾಯಿ ತೆರೆಯುತ್ತದೆ. ಎರಡೂ ಅಮೆರಿಕದ ಒಂದೇ ವಂಶದವು.

ಎರಡಲಗಿನ ಬ್ಲೇಡೇ ಹಳೆಯದು, ಇದು ಆಮೇಲಿನದು ಅಂತ ನಾನೂ ತಿಳಿದಿದ್ದೆ. ಹಾಗಲ್ಲ. ನ್ಯೂಯಾರ್ಕಿನ ಕ್ಯಾಂಫ್ ಸಹೋದರರು ಒಂದೇ ಅಲಗಿನ ರೇಜರ್‌ಗೆ 1880ರಲ್ಲೇ ಪೇಟೆಂಟ್ ಪಡೆದಿದ್ದರು. ಜಿಲೆಟ್ ಅವರ ಎರಡಲಗಿನ ರೇಜರ್‌ಗೆ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ.

ಈಗ ಬ್ಲೇಡಿನ ಮಾತು. ಇದನ್ನು ಗಮನ ಇಟ್ಟು ಓದು. ನಾನು ಮೊದಲು ಏನು ಮಾಡಿದೆ ಅಂದರೆ, ಅಂಗಡಿಯ ಮಾಮೂಲಿ ಬ್ಲೇಡನ್ನು ಸಲೂನಿನವರ ಹಾಗೆ ಅರ್ಧ ಮುರಿದು ಇದರಲ್ಲಿ ಸಿಕ್ಕಿಸಿದೆ. ಸಲೂನಿನ ಕತ್ತಿಗೆ ಅದು ಸರಿ, ಅಲ್ಲಿ ಬ್ಲೇಡನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಜಾಗ ಇದೆ. ಇಲ್ಲಿ ಇಲ್ಲ. ಎರಡನೇ ಎಳೆತಕ್ಕೇ ಬ್ಲೇಡ್ ವಾಲಿ ಗದ್ದದ ಕೆಳಗೆ ಸೀಳಿತು. ಆ ಗುರುತು ಇನ್ನೂ ಇದೆ. ಮಾಮೂಲಿ ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್. ಈ ರೇಜರ್‌ಗೆ ಬೇಕಾದ ಜೆಮ್ ಬ್ಲೇಡಿನ ದಪ್ಪ ಸುಮಾರು 0.23 ಮಿಲಿಮೀಟರ್. ಅದರ ಬೆನ್ನಿಗೆ ಮಡಚಿದ ತಗಡಿನ ಪಟ್ಟಿಯೂ ಇರುತ್ತದೆ. ಆ ಬೆನ್ನನ್ನು ರೇಜರ್ ಹಿಂದಿನಿಂದ ಮುಂದಕ್ಕೆ ತಳ್ಳುತ್ತದೆ. ಮುಂದೆ ಎರಡು ಮೂಲೆಯಲ್ಲಿ ಸಣ್ಣ ತಡೆಗಳಿವೆ. ಅಲಗು ಹೋಗಿ ಆ ತಡೆಗಳಿಗೆ ಸಮನಾಗಿ ತಾಗಿ ನಿಲ್ಲಬೇಕು. ಬೆನ್ನೇ ಇಲ್ಲದ ಬ್ಲೇಡನ್ನು ಅದು ತಳ್ಳುವುದು ಹೇಗೆ?

ಇನ್ನೊಂದು ಎಚ್ಚರಿಕೆ. ಬಣ್ಣ ಕೆರೆಯುವುದಕ್ಕೆ ಅಂತ ಇದೇ ಆಕಾರದ ಬ್ಲೇಡ್ ಸಿಗುತ್ತದೆ. ಅಗ್ಗ ಅಂತ ಅದನ್ನು ತರಿಸಬೇಡ. ಅದು ಗಾಜು, ಗೋಡೆ ಕೆರೆಯುವುದಕ್ಕೆ ಮಾಡಿದ್ದು, ಮುಖಕ್ಕಲ್ಲ. ಸ್ಟೇನ್‌ಲೆಸ್ ಉಕ್ಕಿನ, ಅಲಗಿಗೆ ನುಣುಪಾದ ಲೇಪ ಇರುವ, ದಾಡಿಗೆ ಅಂತಲೇ ಮಾಡಿದ ಜೆಮ್ ಬ್ಲೇಡ್ ಬೇಕು. ನಮ್ಮ ಕಡೆ ಅಂಗಡಿಯಲ್ಲಿ ನನಗೆ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ಬೆಲೆ ಜಾಸ್ತಿ. ಆದರೆ ಒಂದು ಬ್ಲೇಡು ನನಗೆ ಐದು ದಾಡಿಗೆ ಬರುತ್ತದೆ.

ಬ್ಲೇಡ್ ಹಾಕಿದ ಮೇಲೆ ರೇಜರನ್ನು ಬೆಳಕಿಗೆ ಹಿಡಿದು ನೋಡು. ಅಲಗು ಮತ್ತು ರೇಜರ್ ತಲೆಯ ಮುಂದಿನ ಪಟ್ಟಿಯ ನಡುವಿನ ಸಂದು ಈ ತುದಿಯಿಂದ ಆ ತುದಿವರೆಗೆ ಒಂದೇ ಸಮ ಇರಬೇಕು. ಒಂದು ಕಡೆ ಜಾಸ್ತಿ ಕಂಡರೆ ತೆಗೆದು ಮತ್ತೆ ಕೂರಿಸು. ಆಗಲೂ ಸೊಟ್ಟ ಕಂಡರೆ ತಡೆ ಸವೆದಿರಬೇಕು, ಇಲ್ಲ ಬ್ಲೇಡ್ ತಳ್ಳುವ ಭಾಗ ಬಾಗಿರಬೇಕು. ಅಂಥ ರೇಜರನ್ನು ಮುಖಕ್ಕೆ ತಾಗಿಸಬೇಡ.

ತೊಳೆಯುವಾಗ ಹುಣಸೆಹಣ್ಣು ಬೇಡ. ನಮ್ಮವ್ವ ಪ್ರೀತಿಯಿಂದಲೇ ತಾತನ ರೇಜರನ್ನು ಹಿತ್ತಾಳೆ ಚೊಂಬು ತಿಕ್ಕಿದ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದಳು. ಹಿಡಿಕೆಯ ಲೇಪ ಅಲ್ಲಲ್ಲಿ ಹೋಗಿ ಒಳಗಿನ ಹಿತ್ತಾಳೆ ಕಾಣುತ್ತಿದೆ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಹಳೆ ಹಲ್ಲುಜ್ಜುವ ಬ್ರಷ್ ಸಾಕು. ಕೊನೆಗೆ ಮೆಡಿಕಲ್ ಶಾಪಿನ ಸ್ಪಿರಿಟ್‌ನಿಂದ ಒರೆಸು.

ಇಷ್ಟೆಲ್ಲ ಸರಿ ಮಾಡಿಕೊಂಡ ಮೇಲೂ ನನಗೆ ಮೂರು ತಿಂಗಳು ಒಳ್ಳೆ ದಾಡಿ ಆಗಲಿಲ್ಲ. ಅದನ್ನು ಕಲಿಸಿದ್ದು ಅಪ್ಪನ ಕೆನ್ನೆ.

ಅಪ್ಪನಿಗೆ ಲಕ್ವಾ ಹೊಡೆದದ್ದು ನಿನಗೆ ಗೊತ್ತು. ಬಲಗೈ ಏಳುತ್ತಿರಲಿಲ್ಲ. ಮೊದಲು ಸಲೂನಿನವರು ಮನೆಗೇ ಬರುತ್ತಿದ್ದರು. ಅವರು ಊರಿಗೆ ಹೋದಾಗ ಹದಿನೈದು ದಿನದ ಗಡ್ಡ ಬೆಳೆಯಿತು. ಅಪ್ಪ ಎಡಗೈಯಿಂದ ಗದ್ದ ಸವರಿಕೊಂಡು, ನನ್ನ ರೇಜರ್ ಇರುವ ಗೂಡಿನ ಕಡೆ ತೋರಿಸಿದರು. ನನಗೆ ಎದೆ ಧಸಕ್ಕೆಂದಿತು. ಅವರಿಗೆ ರಕ್ತ ತೆಳು ಮಾಡುವ ಮಾತ್ರೆ ನಡೆದಿತ್ತು. ಗಾಯ ಆದರೆ ರಕ್ತ ಬೇಗ ನಿಲ್ಲುವುದಿಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಅದಕ್ಕೆ ಮೊದಲ ದಿನ ಬ್ಲೇಡ್ ಹಾಕದೆ ನೊರೆ ಹಚ್ಚಿ ಬರೀ ರೇಜರ್ ಆಡಿಸಿ ನೋಡಿದೆ. ಮಾರನೇ ದಿನ ಹೊಸ ಬ್ಲೇಡ್ ಹಾಕಿದೆ. ಅಪ್ಪನ ಬ್ಲೇಡೇ ಬೇರೆ, ನನ್ನದೇ ಬೇರೆ. ಒಬ್ಬರ ಬ್ಲೇಡ್ ಇನ್ನೊಬ್ಬರಿಗೆ ಹಾಕಿದರೆ ರಕ್ತದ ಮೂಲಕ ಹರಡುವ ರೋಗಗಳು ದಾಟಬಹುದು, ಅಪ್ಪ ಮಗ ಆದರೂ ಅಷ್ಟೇ.

ಅವತ್ತು ಮಂಚದ ಪಕ್ಕ ಮೊಣಕಾಲೂರಿ ಕೂತಾಗ ಕನ್ನಡಿಯಲ್ಲಿ ಯಾವತ್ತೂ ಕಾಣದ್ದು ಕಂಡಿತು. ನನ್ನ ಮುಖದ ಮೇಲೆ ನನಗೆ ನೊರೆ ಮಾತ್ರ ಕಾಣುತ್ತಿತ್ತು. ಅಪ್ಪನ ಕೆನ್ನೆಯ ಮೇಲೆ ಅಲಗು ಚರ್ಮಕ್ಕೆ ಹೇಗೆ ತಾಗುತ್ತದೆ ಅಂತ ಪಕ್ಕದಿಂದಲೇ ನೋಡಬಹುದಿತ್ತು. ನಾನು ಹಳೆ ರೂಢಿಯಂತೆ ಹಿಡಿಕೆಯನ್ನು ಕೆಳಕ್ಕೆ ಇಳಿಸಿ ಹಿಡಿದಿದ್ದೆ. ಎರಡಲಗಿನ ರೇಜರನ್ನು ಹಾಗೆ ಹಿಡಿಯುತ್ತಾರೆ. ಹಾಗೆ ಹಿಡಿದಾಗ ಈ ದಪ್ಪ ಅಲಗು ಚರ್ಮಕ್ಕೆ ನೆಟ್ಟಗೆ ನಿಂತು ಕೆರೆಯುತ್ತಿತ್ತು. ಮೂರು ತಿಂಗಳು ನನ್ನ ಮುಖ ಉರಿದದ್ದು ಅದಕ್ಕೇ.

ಹಿಡಿಕೆಯನ್ನು ನಿಧಾನಕ್ಕೆ ಮೇಲೆತ್ತಿದೆ. ರೇಜರ್ ತಲೆಯ ಚಪ್ಪಟೆ ಭಾಗ ಪೂರ್ತಿ ಕೆನ್ನೆಗೆ ಒರಗಿತು. ಹಿಡಿಕೆ ಮುಖದಿಂದ ದೂರ ಚಾಚಿತು. ಎಡಗೈ ಬೆರಳಿಂದ ಸಡಿಲ ಚರ್ಮವನ್ನು ಕಿವಿ ಕಡೆಗೆ ಎಳೆದು ಹಿಡಿದೆ. ಒತ್ತುವ ಧೈರ್ಯ ನನಗೆ ಇರಲೇ ಇಲ್ಲ. ಹಾಗೇ ಒಂದು ಇಂಚು ಇಳಿಸಿದೆ. ಕರ್ ಅಂತ ಸದ್ದು ಬಂತು. ಜೋಳದ ದಂಟು ಕೊಯ್ಯುವ ಕುಡುಗೋಲಿನ ಸದ್ದು ಕೇಳಿದ್ದೀಯಲ್ಲ, ಹಾಗೆ. ಬ್ಲೇಡ್ ದಪ್ಪ ಇರುವುದರಿಂದ ಬಾಗುವುದಿಲ್ಲ, ನಡುಗುವುದಿಲ್ಲ, ಅದಕ್ಕೇ ಸದ್ದು ಅಷ್ಟು ಸ್ಪಷ್ಟ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಮುಗಿಸಿ ಒರೆಸಿ ನೋಡಿದರೆ ಒಂದು ಚುಕ್ಕೆ ರಕ್ತ ಇಲ್ಲ. ಅಪ್ಪ ಎಡಗೈಯಿಂದ ಕೆನ್ನೆ ಸವರಿಕೊಂಡು, ತೊದಲುತ್ತಲೇ "ನಮ್ಮಪ್ಪನ ಕೈ" ಅಂದರು.

ಗೆಳೆಯಾ, ನಿನಗೆ ಹೇಳಬೇಕಾದ್ದು ಇದೇ. ತಲೆಯನ್ನು ಚಪ್ಪಟೆಯಾಗಿ ಒರಗಿಸು, ಭಾರ ಹಾಕಬೇಡ. ಆ ರೇಜರ್‌ಗೆ ಅದರದೇ ತೂಕ ಇದೆ, ಅದು ಸಾಕು. ಸದ್ದು ನಿಂತರೆ ಹಿಡಿಕೆಯ ಓರೆ ತಪ್ಪಿದೆ ಅಂತ ತಿಳಿ. ಆಗ ಒತ್ತಬೇಡ, ಹಿಡಿಕೆಯನ್ನು ಒಂದು ಕೂದಲೆಳೆಯಷ್ಟು ಏರಿಸಿ ಇಳಿಸಿ ನೋಡು, ಸದ್ದು ಮತ್ತೆ ಬರುತ್ತದೆ.

ಮೊದಲ ಸಲ ಕೂದಲು ಬೆಳೆದ ದಿಕ್ಕಿಗೇ ಎಳೆ. ಕುತ್ತಿಗೆಯಲ್ಲಿ ಆ ದಿಕ್ಕು ಕೆನ್ನೆಯ ಹಾಗೆ ಇರುವುದಿಲ್ಲ, ಕೆಲವು ಕಡೆ ಅಡ್ಡ ಇರುತ್ತದೆ. ಎರಡು ದಿನದ ಗಡ್ಡ ಇದ್ದಾಗ ಬೆರಳಿಂದ ಸವರಿ ನೋಡಿಕೋ. ಮತ್ತೆ ನೊರೆ ಹಚ್ಚಿ ಎರಡನೇ ಸಲ ಅಡ್ಡ ಎಳೆ. ಅಲ್ಲಿಗೆ ನಿಲ್ಲಿಸು. ನಮ್ಮಂಥ ಗುಳ್ಳೆ ಏಳುವ ಚರ್ಮಕ್ಕೆ ಎದುರು ದಿಕ್ಕಿಗೆ ಎಳೆಯುವುದು ಆಗಿಬರುವುದಿಲ್ಲ. ಮೇಲ್ತುಟಿಯ ಹತ್ತಿರ ತಲೆ ದಪ್ಪ ಅನ್ನಿಸುತ್ತದೆ. ಮೂಗಿನ ತುದಿಯನ್ನು ಬೆರಳಿಂದ ಮೇಲೆತ್ತಿ, ತುಟಿಯನ್ನು ಹಲ್ಲಿನ ಮೇಲೆ ಬಿಗಿ ಮಾಡಿಕೊಂಡು ಸಣ್ಣ ಸಣ್ಣ ಎಳೆತ ಹಾಕು.

ನಿಮ್ಮ ಮನೆಯ ಬೋರ್ ನೀರಿನಲ್ಲಿ ನೊರೆ ಬರುತ್ತಿಲ್ಲ ಅಂದೆಯಲ್ಲ, ಅದು ಸೋಪಿನ ತಪ್ಪಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಮೊಸರಿನಂಥ ಕೆನೆ ಆಗಿಬಿಡುತ್ತವೆ. ನೊರೆಗೆ ಸೋಪೇ ಉಳಿಯುವುದಿಲ್ಲ. ನಮ್ಮ ಬೋರ್ ನೀರೂ ಹಾಗೇ. ನಾನು ನಲ್ಲಿಗೆ ಬರುವ ನದಿ ನೀರನ್ನು ಒಂದು ಚೊಂಬು ದಾಡಿಗೆ ಅಂತಲೇ ಎತ್ತಿಡುತ್ತೇನೆ. ಅದಿಲ್ಲದಿದ್ದರೆ ಬೋರ್ ನೀರನ್ನೇ ಚೆನ್ನಾಗಿ ಕುದಿಸಿ ತಳ ಕದಡದಂತೆ ಬಗ್ಗಿಸಿಕೋ. ಗಡಸಿನ ಒಂದಿಷ್ಟು ಪಾಲು ಬಿಳಿ ಪೊರೆಯಾಗಿ ತಳಕ್ಕೆ ಕೂತುಬಿಡುತ್ತದೆ. ಕುಡಿಯುವ ಫಿಲ್ಟರ್ ನೀರು ಇದ್ದರೆ ಅದೂ ಆಗುತ್ತದೆ, ಬೇಕಾಗುವುದು ಒಂದು ಲೋಟ ಅಷ್ಟೇ.

ಬ್ರಷ್ಷನ್ನು ಬಿಸಿನೀರಲ್ಲಿ ನೆನೆಸಿ, ಹನಿ ಹನಿಯಾಗಿ ನೀರು ಸೇರಿಸುತ್ತಾ ಕ್ರೀಮ್ ಕಲಸು. ಅವಸರ ಮಾಡಬೇಡ. ಗಡ್ಡ ಎರಡು ಮೂರು ನಿಮಿಷ ಒದ್ದೆಯಾಗಿ ಇದ್ದರೆ ಕೂದಲು ಮೆತ್ತಗಾಗುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಫ್ಯಾನ್ ಕೆಳಗೆ ನೊರೆ ಬೇಗ ಒಣಗುತ್ತದೆ, ಅದನ್ನು ಮರೆಯಬೇಡ. ನಾನು ಬೇಸಿಗೆಯಲ್ಲಿ ಒಂದು ಕೆನ್ನೆ ಮುಗಿಸಿಯೇ ಇನ್ನೊಂದಕ್ಕೆ ನೊರೆ ಹಚ್ಚುವುದು. ಒಣ ನೊರೆಯ ಮೇಲೆ ಈ ರೇಜರ್ ಆಡಿಸಲೇಬೇಡ.

ಆಮೇಲೆ ತಣ್ಣೀರು, ಪಟಿಕದ ತುಂಡು, ಅಷ್ಟೇ. ಬ್ಲೇಡ್ ತೆಗೆದು ರೇಜರ್ ಒಣಗಿಸಿಡು. ಬಳಸಿದ ಬ್ಲೇಡನ್ನು ಮಾತ್ರ ಸುಮ್ನೆ ಕಸದ ಬುಟ್ಟಿಗೆ ಎಸೆಯಬೇಡ. ಹಳೆ ತಗಡಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಅದರೊಳಗೆ ಹಾಕುತ್ತಾ ಹೋಗು, ತುಂಬಿದಾಗ ಬಾಯಿ ಮುಚ್ಚಿ ಕೊಡು. ಕಸ ಎತ್ತುವವರು ಬರಿಗೈಯಲ್ಲಿ ಎತ್ತುತ್ತಾರೆ.

ಅಪ್ಪನಿಗೆ ಈಗ ಬುಧವಾರ, ಭಾನುವಾರ ದಾಡಿ. ಮಂಗಳವಾರ, ಶನಿವಾರ ಅವ್ವ ಒಪ್ಪುವುದಿಲ್ಲ. ಈ ಪತ್ರ ಮುಗಿಸಿ ನೀರು ಕಾಯಿಸಬೇಕು. ಆಗಲೇ ಎರಡು ಸಲ ಕೆಮ್ಮಿ ನೆನಪಿಸಿದ್ದಾರೆ.

ನಿನಗೆ ಅಂತ ಐದು ಬ್ಲೇಡ್ ಎತ್ತಿಟ್ಟಿದ್ದೇನೆ. ಅಂಚೆಯಲ್ಲಿ ಕಳಿಸುವುದಿಲ್ಲ. ಗಂಗಾವತಿ, ಸಿಂಧನೂರು ದಾರಿಯಲ್ಲಿ ಬಸ್ಸು ಹತ್ತಿ ಬಾ, ಮಾವನ ರೇಜರ್ ಜೊತೆಗೆ ತಾ. ತಡೆ ಸವೆದಿದೆಯೋ ಇಲ್ಲವೋ ಕೂತು ನೋಡೋಣ. ಮೊದಲ ದಾಡಿ ನಮ್ಮ ಹಿತ್ತಲ ಕಟ್ಟೆಯ ಮೇಲೆ, ನದಿ ನೀರಲ್ಲಿ ಆಗಲಿ. ಬರುವ ಹಿಂದಿನ ಎರಡು ದಿನ ಗಡ್ಡ ಮುಟ್ಟಬೇಡ.

ನಿನ್ನ ಗೆಳೆಯ